ಫ್ರಾನ್ಸಿನ ಹಳ್ಳಿಯ ಸುತ್ತ ಓಡಲು ದಾರಿ ಗೊತ್ತುಮಾಡಿಕೊಳ್ಳುವುದು

ಮೊದಲು ಫ್ರಾನ್ಸಿನ ಸರ್ಕಾರಿ ನಕ್ಷೆ ಸಂಸ್ಥೆ ಐಜಿಎನ್‌ನ 1:25,000 ನಕ್ಷೆ ನೋಡಿ. ಅಲ್ಲಿನ ಸರ್ಕಾರಿ ನಕ್ಷೆ ಜಾಲತಾಣದಲ್ಲಿ ಪುಕ್ಕಟೆ ನೋಡಲು ಸಿಗುತ್ತದೆ. ಅದರಲ್ಲಿ 4 ಸೆಂ.ಮೀ. ಅಂದರೆ ನೆಲದ ಮೇಲೆ 1 ಕಿ.ಮೀ. ಚರ್ಚಿನ ಮುಂದಿನಿಂದ ಹೊರಟು ಅಲ್ಲಿಗೇ ಮರಳುವ 6–8 ಕಿ.ಮೀ. ಸುತ್ತು ಮೊದಲ ಸಲಕ್ಕೆ ಸಾಕು. ಎತ್ತರ ತೋರಿಸುವ ಗೆರೆಗಳು ಒತ್ತೊತ್ತಾಗಿ ಕಂಡರೆ ಅಲ್ಲಿ ಕಡಿದಾದ ಏರು ಇದೆ ಎಂದೇ ಲೆಕ್ಕ.

ದಾರಿಯಲ್ಲಿ ಮರ, ಕಂಬ, ಬೇಲಿಗೂಟಗಳ ಮೇಲೆ ಬಣ್ಣದ ಪಟ್ಟಿ ಹುಡುಕಿ. ಒಂಟಿ ಹಳದಿ ಪಟ್ಟಿ ಪಿಆರ್, ಅಂದರೆ ಊರಿನ ಸುತ್ತಲ ಗಿಡ್ಡ ದಾರಿ. ಬಿಳಿಯ ಕೆಳಗೆ ಕೆಂಪು ಇದ್ದರೆ ಜಿಆರ್. ಅದು ದೂರದೂರಿಗೆ ಹೋಗುವ ದಾರಿ, ನಂಬಿ ಹಿಂಬಾಲಿಸಿದರೆ ಮನೆಗೆ ಮರಳುವುದಿಲ್ಲ! ಗುಣಿಸು ಚಿಹ್ನೆಯಂಥ (X) ಗುರುತು ಕಂಡರೆ ಆ ಕಡೆ ಹೋಗಬೇಡಿ. ನಡೆಯುವವರಿಗಿಂತ ಓಡುವವರೇ ತಿರುವು ತಪ್ಪಿಸಿಕೊಳ್ಳುವುದು ಹೆಚ್ಚು, ಕಣ್ಣು ಕಾಲಿನ ಮೇಲೇ ಇರುತ್ತದಲ್ಲ. ಕವಲು ದಾಟಿ 300 ಮೀಟರ್ ಹೋದರೂ ಗುರುತು ಕಾಣದಿದ್ದರೆ ಹಿಂದಿನ ಗುರುತಿಗೇ ವಾಪಸ್ ಬನ್ನಿ.

ಮಳೆ ಬಂದ ಮರುದಿನ ಟ್ರ್ಯಾಕ್ಟರ್ ಚಕ್ರದ ಹಳ್ಳದಲ್ಲಿ ಜೇಡಿಮಣ್ಣು ಶೂಗೆ ಮೆತ್ತಿಕೊಳ್ಳುತ್ತದೆ. ನಡುವಿನ ಹುಲ್ಲಿನ ಏಣಿನ ಮೇಲೆ ಓಡಿ. ಡಾಂಬರು ರಸ್ತೆಯಲ್ಲಿ ಎಡಬದಿ ಹಿಡಿಯಿರಿ: ಅಲ್ಲಿ ವಾಹನ ಬಲಕ್ಕೆ ಚಲಿಸುವುದರಿಂದ ಎದುರು ಬರುವುದು ಕಾಣುತ್ತದೆ.

ಸೆಪ್ಟೆಂಬರ್‌ನಿಂದ ಫೆಬ್ರವರಿ ಕೊನೆವರೆಗೆ ಸಾಮಾನ್ಯವಾಗಿ ಬೇಟೆಯ ಕಾಲ. ಕಿತ್ತಳೆ ಅಂಗಿ ತೊಡಿ. 'ಶಾಸ್ ಆಂ ಕೂರ್' ಎಂಬ ಫಲಕ ಕಂಡರೆ ಬೇಟೆ ನಡೆಯುತ್ತಿದೆ ಎಂದರ್ಥ, ತಕ್ಷಣ ತಿರುಗಿ.

ನೀರಿಗೆ ಹಳ್ಳಿಯ ಸ್ಮಶಾನದ ನಲ್ಲಿ ನೋಡಿ. 'ನಾನ್ ಪೋತಾಬ್ಲ್' ಎಂದು ಬರೆದಿದ್ದರೆ ಮಾತ್ರ ಕುಡಿಯಬೇಡಿ. ಮನೆಗೆ ಬಂದಮೇಲೆ ಮೊಣಕಾಲ ಹಿಂಭಾಗ, ತೊಡೆಸಂದಿಯಲ್ಲಿ ಉಣ್ಣಿ ಹುಳ ಕಚ್ಚಿದೆಯೇ ನೋಡಿಕೊಳ್ಳಿ.