ವೈರಸ್ ಹೋಯ್ತು, ಡೆಸ್ಕ್‌ಟಾಪೂ ಹೋಯ್ತು: ಫಾರ್ಮ್ಯಾಟ್ ಹೊಡೆಯದೆ ಸರಿ ಮಾಡಿದ್ದು ಹೀಗೆ

ಗದಗದಲ್ಲಿ ಕಂಪ್ಯೂಟರ್ ರಿಪೇರಿ ಅಂಗಡಿ ಇಟ್ಟವರಿಗೆ ಪ್ರೆಸ್ಸಿನ ಗಿರಾಕಿಗಳು ಜಾಸ್ತಿ. ಮುದ್ರಣಕ್ಕೆ ಹೆಸರಾದ ಊರು, ಇನ್ನೇನಾಗುತ್ತೆ. ಪ್ರೆಸ್ಸಿನ ಕಂಪ್ಯೂಟರ್ ಅಂದರೆ ಊರವರ ಪೆನ್‌ಡ್ರೈವ್‌ಗಳೆಲ್ಲ ಬಂದು ಸೇರುವ ಜಾಗ. ಮದುವೆ ಕಾರ್ಡಿನ ಮ್ಯಾಟರ್, ಜಾತ್ರೆ ಹ್ಯಾಂಡ್‌ಬಿಲ್, ಸಂಘದ ವಾರ್ಷಿಕ ವರದಿ, ಎಲ್ಲ ಅದರಲ್ಲೇ ಬರುತ್ತೆ, ಜೊತೆಗೆ ವೈರಸ್ಸೂ ಬರುತ್ತೆ. ಅದು ಸಾಲದು ಅಂತ ಕೋರಲ್‌ಡ್ರಾ ಕ್ರ್ಯಾಕ್ (ಕಳ್ಳ ಪ್ರತಿ) ಹಾಕುವಾಗ "ಆಂಟಿವೈರಸ್ ಆಫ್ ಮಾಡಿ" ಅಂತ ಬರೆದಿರುತ್ತಾರಲ್ಲ, ಇವರು ಅದನ್ನೂ ಪಾಲಿಸಿರುತ್ತಾರೆ.

ಈ ಸಲದ್ದು ಬೆಟಗೇರಿ ಕಡೆಯ ಒಂದು ಡಿಟಿಪಿ ಸೆಂಟರಿನ ಮಷಿನ್. ಮದುವೆ ಸೀಸನ್ ಬೇರೆ.

"ಆಂಟಿವೈರಸ್ ಹಾಕಿ ಪೂರಾ ಕ್ಲೀನ್ ಮಾಡೀನ್ರಿ. ಆದ್ರ ಈಗ ಪಾಸ್‌ವರ್ಡ್ ಹೊಡದ್ರ ಬರೇ ಕರೀ ಸ್ಕ್ರೀನ್ ಬರಾಕತ್ತೈತ್ರಿ. ಫಾರ್ಮ್ಯಾಟ್ ಹೊಡದು ಕೊಟ್ಟುಬಿಡ್ರಿ, ನಾಳೆ ಕಾರ್ಡ್ ಕೊಡಬೇಕು."

"ತಡೀರಿ ಅಣ್ಣಾರ, ನಿಮ್ಮ ಫಾಂಟ್ ಎಲ್ಲೆಲ್ಲಿ ಅದಾವ ಅನ್ನೋದು ಗೊತ್ತೈತೇನು?"

ಗೊತ್ತಿರಲಿಲ್ಲ. ಯಾರಿಗೂ ಗೊತ್ತಿರಲ್ಲ. ಕನ್ನಡ ಟೈಪಿಂಗಿನ 'ನುಡಿ' ತಂತ್ರಾಂಶದ ಹಳೇ ಫಾಂಟ್‌ಗಳಲ್ಲಿ ಪೇಜ್‌ಮೇಕರ್‌ನಲ್ಲಿ ಮಾಡಿಟ್ಟ ಎಷ್ಟೋ ವರ್ಷದ ಫೈಲ್‌ಗಳಿರುತ್ತವೆ. ಅವು ಯೂನಿಕೋಡ್ (ಎಲ್ಲ ಕಡೆ ಒಂದೇ ಥರ ಓದಿಸಿಕೊಳ್ಳುವ ಅಕ್ಷರ ಸಂಕೇತ) ಅಲ್ಲ. ಅದೇ ಫಾಂಟ್ ಇಲ್ಲದಿದ್ದರೆ ಕನ್ನಡದ ಬದಲು ಇಂಗ್ಲಿಷ್ ಅಕ್ಷರಗಳ ಕಲಸುಮೇಲೋಗರ ಕಾಣುತ್ತೆ. ಒಂದಿಷ್ಟು ಫಾಂಟ್ ವಿಂಡೋಸ್ ಒಳಗಿನ ಫಾಂಟ್ಸ್ ಫೋಲ್ಡರ್‌ನಲ್ಲಿರುತ್ತವೆ. ವಿಂಡೋಸ್ 10 ಈಚೆಗೆ ಇನ್ನೊಂದಿಷ್ಟು ಯೂಸರ್ ಹೆಸರಿನ ಆಪ್‌ಡೇಟಾ ಒಳಗೂ ಹೋಗಿ ಕೂತಿರುತ್ತವೆ, ಅದನ್ನು ಯಾರೂ ಬ್ಯಾಕಪ್ ತೆಗೆಯಲ್ಲ. ಫಾರ್ಮ್ಯಾಟ್ ಮಾಡೋದು ಅರ್ಧ ದಿನದ ಕೆಲಸ, ಆಮೇಲೆ ಆ ಪ್ರೆಸ್ಸನ್ನು ಮತ್ತೆ ಮೊದಲಿನ ಸ್ಥಿತಿಗೆ ತರೋದು ವಾರದ ಕೆಲಸ. ಅದಕ್ಕೇ ನಾನು ಮೊದಲು ಫಾರ್ಮ್ಯಾಟ್ ಮಾತಿಗೇ ಹೋಗಲ್ಲ.

ನಾನು ಮೊದಲು ನೋಡೋದು ಮಷಿನ್ ಎಲ್ಲಿಗೆ ಬಂದು ನಿಲ್ಲುತ್ತೆ ಅನ್ನೋದನ್ನ. ಕಂಪನಿ ಲೋಗೋ ಆದಮೇಲೆ "ಬೂಟ್ ಡಿವೈಸ್ ಇಲ್ಲ" ಅಂದರೆ ಬೂಟ್ ಫೈಲ್ (ವಿಂಡೋಸನ್ನು ಶುರು ಮಾಡುವ ಫೈಲ್) ಅಥವಾ ಡಿಸ್ಕ್ ಕಡೆ ನೋಡಬೇಕು. ಚುಕ್ಕಿಗಳು ತಿರುಗುತ್ತಾ ನೀಲಿ ಸ್ಕ್ರೀನ್ ಬಂದರೆ ಡ್ರೈವರ್ ಅಥವಾ ಸಿಸ್ಟಂ ಫೈಲ್ ಇರಬಹುದು. ಪಾಸ್‌ವರ್ಡ್ ಕೇಳುವವರೆಗೆ ಬಂತು ಅಂದರೆ ಬೂಟ್ ಚೆನ್ನಾಗೇ ಇದೆ, ಕೆಟ್ಟಿರೋದು ಲಾಗಿನ್ ಆದಮೇಲಿನ ಭಾಗ. ಇಷ್ಟು ತಿಳಿಯದೆ ಕೆಲವರು ಕರೀ ಸ್ಕ್ರೀನ್ ಕಂಡ ತಕ್ಷಣ ಬೂಟ್ ರಿಪೇರಿಯ ಬೂಟ್‌ರೆಕ್ ಕಮಾಂಡ್‌ಗಳನ್ನೆಲ್ಲ ಸಾಲಾಗಿ ಹೊಡೆಯುತ್ತಾರೆ, ಚೆನ್ನಾಗಿದ್ದ ಬೂಟನ್ನೂ ಕೆಡಿಸುತ್ತಾರೆ.

ಈ ಮಷಿನ್‌ನಲ್ಲಿ ಪಾಸ್‌ವರ್ಡ್ ಆದಮೇಲೆ ಕರೀ ಸ್ಕ್ರೀನ್, ಮೌಸ್ ಬಾಣ ಮಾತ್ರ ಓಡಾಡುತ್ತೆ. ಕಂಟ್ರೋಲ್, ಶಿಫ್ಟ್, ಎಸ್ಕೇಪ್ ಒಟ್ಟಿಗೆ ಒತ್ತಿದೆ. ಟಾಸ್ಕ್ ಮ್ಯಾನೇಜರ್ ಬಂದಿದ್ದರೆ ಅಲ್ಲಿಂದಲೇ ಎಕ್ಸ್‌ಪ್ಲೋರರ್ ಓಡಿಸಿ ಡೆಸ್ಕ್‌ಟಾಪ್ ತರಬಹುದಿತ್ತು. "ಅಡ್ಮಿನಿಸ್ಟ್ರೇಟರ್ ಬಂದ್ ಮಾಡಿದ್ದಾರೆ" ಅಂತ ಬಂತು. ಆ ಮನೆಯ ಅಡ್ಮಿನಿಸ್ಟ್ರೇಟರ್ ನನ್ನ ಪಕ್ಕದಲ್ಲೇ ಚಹಾ ಕುಡಿಯುತ್ತಾ ನಿಂತಿದ್ದರು! ಇದು ವೈರಸ್ ಬಿಟ್ಟುಹೋದ ಗುರುತು. ಅಂದರೆ ಆಂಟಿವೈರಸ್ ಫೈಲ್ ಅಳಿಸಿದೆ, ಆ ಫೈಲ್ ರಿಜಿಸ್ಟ್ರಿಯಲ್ಲಿ (ವಿಂಡೋಸ್ ತನ್ನ ಸೆಟ್ಟಿಂಗ್ ಎಲ್ಲ ಬರೆದಿಡುವ ಜಾಗ) ಮಾಡಿಕೊಂಡಿದ್ದ ಏರ್ಪಾಡು ಹಾಗೇ ಉಳಿದಿದೆ.

ಇದನ್ನು ಸ್ವಲ್ಪ ಬಿಡಿಸಿ ಹೇಳುತ್ತೇನೆ. ಲಾಗಿನ್ ಆದಾಗ ವಿಂಡೋಸ್ ರಿಜಿಸ್ಟ್ರಿಯ ವಿನ್‌ಲಾಗಾನ್ ಅನ್ನೋ ಕೀ ನೋಡುತ್ತೆ. ಅಲ್ಲಿ ಶೆಲ್ ಅಂತ ಒಂದು ಸಾಲು, ಅದರಲ್ಲಿ ಎಕ್ಸ್‌ಪ್ಲೋರರ್ ಡಾಟ್ ಇಎಕ್ಸ್‌ಇ ಇರಬೇಕು. ಯೂಸರ್‌ಇನಿಟ್ ಅಂತ ಇನ್ನೊಂದು ಸಾಲು, ಅದರಲ್ಲಿ ಸಿಸ್ಟಂ32 ಒಳಗಿನ ಯೂಸರ್‌ಇನಿಟ್ ಡಾಟ್ ಇಎಕ್ಸ್‌ಇ ಇರುತ್ತೆ, ಕೊನೆಗೆ ಒಂದು ಅಲ್ಪವಿರಾಮ. ಮಾಲ್‌ವೇರ್ ಇಲ್ಲಿ ತನ್ನ ಹೆಸರು ಬರೆದುಕೊಂಡರೆ ಪ್ರತಿ ಲಾಗಿನ್‌ಗೂ ಓಡುತ್ತೆ. ಆಂಟಿವೈರಸ್ ಬಂದು ಫೈಲನ್ನು ಮಾತ್ರ ತೆಗೆದರೆ, ವಿಂಡೋಸ್ ಇಲ್ಲದ ಫೈಲನ್ನು ಕರೆಯುತ್ತೆ, ಡೆಸ್ಕ್‌ಟಾಪ್ ಬರಲ್ಲ. ಶೆಲ್ ಕೆಟ್ಟರೆ ಕರೀ ಸ್ಕ್ರೀನ್. ಯೂಸರ್‌ಇನಿಟ್ ಕೆಟ್ಟರೆ ಕೆಲವು ಸಲ ಪಾಸ್‌ವರ್ಡ್ ಹೊಡೆದ ಕೂಡಲೇ ವಾಪಸ್ ಲಾಗಿನ್ ಸ್ಕ್ರೀನಿಗೇ ತಳ್ಳುತ್ತೆ. ಸ್ಟಾರ್ಟಪ್ ರಿಪೇರ್ ಇದನ್ನು ಹಿಡಿಯಲ್ಲ, ಸಿಸ್ಟಂ ಫೈಲ್ ಪರೀಕ್ಷಿಸುವ ಎಸ್‌ಎಫ್‌ಸಿ ಸ್ಕ್ಯಾನೂ ಹಿಡಿಯಲ್ಲ, ಯಾಕೆಂದರೆ ಅದು ಫೈಲ್ ಸರಿ ಇದೆಯಾ ಅಂತ ನೋಡುತ್ತೆ, ಈ ಸಾಲುಗಳನ್ನು ಓದಲ್ಲ.

ಲಾಗಿನ್ ಸ್ಕ್ರೀನಿನ ಪವರ್ ಬಟನ್‌ನಲ್ಲಿ ಶಿಫ್ಟ್ ಒತ್ತಿಕೊಂಡೇ ರೀಸ್ಟಾರ್ಟ್ ಕೊಟ್ಟೆ. ರಿಕವರಿ ಸ್ಕ್ರೀನ್ ಬಂತು, ಟ್ರಬಲ್‌ಶೂಟ್, ಅಡ್ವಾನ್ಸ್‌ಡ್ ಆಪ್ಷನ್ಸ್, ಕಮಾಂಡ್ ಪ್ರಾಂಪ್ಟ್. ಇತ್ತೀಚಿನ ಲ್ಯಾಪ್‌ಟಾಪ್‌ಗಳು ಇಲ್ಲಿ 48 ಅಂಕಿಯ ಬಿಟ್‌ಲಾಕರ್ ಕೀ (ಬೀಗ ಹಾಕಿದ ಡಿಸ್ಕ್ ತೆರೆಯುವ ಸಂಖ್ಯೆ) ಕೇಳಬಹುದು. ಸಾಮಾನ್ಯವಾಗಿ ಅದು ಮಾಲೀಕರ ಮೈಕ್ರೋಸಾಫ್ಟ್ ಅಕೌಂಟ್‌ನಲ್ಲಿರುತ್ತೆ, ಮೊದಲೇ ತೆಗೆಸಿಟ್ಟುಕೊಳ್ಳಿ.

ರಿಪೇರಿಗೆ ಮುಂಚೆ ಡೇಟಾ. ಕಮಾಂಡ್ ಪ್ರಾಂಪ್ಟ್‌ನಲ್ಲಿ ನೋಟ್‌ಪ್ಯಾಡ್ ಅಂತ ಹೊಡೆದರೆ ನೋಟ್‌ಪ್ಯಾಡ್ ತೆರೆಯುತ್ತೆ. ಅದರ ಫೈಲ್, ಓಪನ್‌ಗೆ ಹೋಗಿ ಎಲ್ಲ ಬಗೆಯ ಫೈಲ್ ತೋರಿಸು ಅಂದರೆ ಅದೇ ಒಂದು ಸಣ್ಣ ಎಕ್ಸ್‌ಪ್ಲೋರರ್. ಬೇಕಾದ ಫೋಲ್ಡರ್ ಕಾಪಿ ಮಾಡಿ ಹೊರಗಿನ ಹಾರ್ಡ್‌ಡಿಸ್ಕ್‌ಗೆ ಪೇಸ್ಟ್ ಮಾಡಿ. ಎಷ್ಟಾಯ್ತು ಅಂತ ತೋರಿಸಲ್ಲ, ಹ್ಯಾಂಗ್ ಆದಂತೆ ಕಾಣುತ್ತೆ, ಸುಮ್ನೆ ಬಿಡಿ. ಇಲ್ಲಿ ಸಿ ಡ್ರೈವ್ ಡಿ ಅಂತಲೋ ಇ ಅಂತಲೋ ಕಾಣಬಹುದು, ಯೂಸರ್ಸ್ ಫೋಲ್ಡರ್ ಎಲ್ಲಿದೆ ಅಂತ ನೋಡಿಯೇ ಮುಂದುವರಿಯಬೇಕು. ಕಾರ್ಡ್ ಫೈಲ್, ಎರಡೂ ಜಾಗದ ಫಾಂಟ್‌ಗಳು, ಟ್ಯಾಲಿ ಡೇಟಾ ಎಲ್ಲ ತೆಗೆದಿಟ್ಟೆ.

ಆಮೇಲೆ ರಿಜಿಸ್ಟ್ರಿ ತಿದ್ದುವ ರೆಜ್‌ಎಡಿಟ್. ರಿಕವರಿಯಲ್ಲಿ ತೆರೆದಾಗ ಕಾಣೋದು ರಿಕವರಿಯದೇ ರಿಜಿಸ್ಟ್ರಿ, ನಿಮ್ಮ ವಿಂಡೋಸಿನದಲ್ಲ. ಇದನ್ನು ಮರೆತು ಅಲ್ಲೇ ತಿದ್ದಿ "ಏನೂ ಆಗಲಿಲ್ಲ" ಅನ್ನುವವರಿದ್ದಾರೆ. ಎಚ್‌ಕೀ ಲೋಕಲ್ ಮಷಿನ್ ಆಯ್ಕೆ ಮಾಡಿ, ಫೈಲ್ ಮೆನುವಿನಲ್ಲಿ ಲೋಡ್ ಹೈವ್ (ಹೈವ್ ಅಂದರೆ ರಿಜಿಸ್ಟ್ರಿಯ ಒಂದು ಫೈಲ್) ಕೊಟ್ಟು, ಡಿಸ್ಕಿನಲ್ಲಿರುವ ವಿಂಡೋಸಿನ ಸಿಸ್ಟಂ32, ಕಾನ್ಫಿಗ್ ಒಳಗಿನ ಸಾಫ್ಟ್‌ವೇರ್ ಫೈಲನ್ನು ತೆರೆಯಬೇಕು. ಏನಾದರೊಂದು ಹೆಸರು ಕೊಡಿ. ತೆರೆದು ನೋಡಿದರೆ ಶೆಲ್ ಸರಿ ಇದೆ, ಯೂಸರ್‌ಇನಿಟ್ಟೂ ಸರಿ ಇದೆ!

ಹಾಗಾದರೆ ಉಳಿದದ್ದು ಯೂಸರ್‌ನ ಸ್ವಂತ ರಿಜಿಸ್ಟ್ರಿ. ಆ ಮಷಿನ್‌ನಲ್ಲಿ ಇನ್ನೊಂದು ಅಕೌಂಟ್ ಇದ್ದಿದ್ದರೆ ಅದರಲ್ಲಿ ಲಾಗಿನ್ ಮಾಡಿ ಡೆಸ್ಕ್‌ಟಾಪ್ ಬರುತ್ತಾ ಅಂತ ಒಂದು ನಿಮಿಷದಲ್ಲಿ ತಿಳಿಯಬಹುದಿತ್ತು. ಇರಲಿಲ್ಲ. ಯೂಸರ್ ಫೋಲ್ಡರ್‌ನಲ್ಲಿ ಎನ್‌ಟಿಯೂಸರ್ ಡಾಟ್ ಡ್ಯಾಟ್ ಅಂತ ಅಡಗಿಸಿಟ್ಟ ಫೈಲ್ ಇರುತ್ತೆ. ಮೊದಲು ಎಕ್ಸ್‌ಕಾಪಿಗೆ ಸ್ಲ್ಯಾಷ್ ಎಚ್ ಸೇರಿಸಿ ಅದರ ಒಂದು ನಕಲು ತೆಗೆದೆ. ಲೋಡ್ ಮಾಡುವಾಗ ಫೈಲ್ ಕಾಣದಿದ್ದರೆ ಹೆಸರನ್ನು ಕೈಯಿಂದ ಟೈಪ್ ಮಾಡಿದರೆ ಆಯ್ತು. ಅದರೊಳಗಿನ ವಿನ್‌ಲಾಗಾನ್‌ನಲ್ಲಿ ಶೆಲ್ ಸಾಲು ಕೂತಿತ್ತು, ಪ್ರೋಗ್ರಾಂಡೇಟಾ ಒಳಗಿನ ಯಾವುದೋ ಅರ್ಥವಿಲ್ಲದ ಹೆಸರಿನ ಫೈಲಿಗೆ ಬೆರಳು ತೋರಿಸುತ್ತಾ. ಮಾಮೂಲಿ ಮಷಿನ್‌ನಲ್ಲಿ ಯೂಸರ್ ಕಡೆ ಈ ಸಾಲೇ ಇರಲ್ಲ. ತಿದ್ದಲಿಲ್ಲ, ಅಳಿಸಿದೆ. ಅದೇ ಹೈವ್‌ನ ಪಾಲಿಸೀಸ್, ಸಿಸ್ಟಂ ಒಳಗೆ ಡಿಸೇಬಲ್ ಟಾಸ್ಕ್‌ಮ್ಯಾನೇಜರ್ 1 ಅಂತಿತ್ತು, ಅದನ್ನೂ ತೆಗೆದೆ. ಕೊನೆಗೆ ಎರಡೂ ಹೈವ್ ಅನ್‌ಲೋಡ್ ಮಾಡಿ ರೀಸ್ಟಾರ್ಟ್. ಡೆಸ್ಕ್‌ಟಾಪ್ ಬಂತು, ಹಿಂದೆ ಗಣಪತಿ ವಾಲ್‌ಪೇಪರ್ ಸಮೇತ.

ಕಾನ್ಫಿಗ್ ಒಳಗಿನ ರೆಗ್‌ಬ್ಯಾಕ್ ಫೋಲ್ಡರ್‌ನಿಂದ ಹಳೇ ರಿಜಿಸ್ಟ್ರಿ ತನ್ನಿ ಅಂತ ಸಲಹೆ ಇನ್ನೂ ಓಡಾಡುತ್ತಿದೆ. ವಿಂಡೋಸ್ 10ರ 1803 ಆವೃತ್ತಿಯಿಂದ ಆ ಬ್ಯಾಕಪ್ ತಾನಾಗಿ ಆಗಲ್ಲ. ಅಲ್ಲಿರೋದು ಸೊನ್ನೆ ಸೈಜಿನ ಫೈಲ್‌ಗಳು. ಅವನ್ನು ಕಾಪಿ ಮಾಡಿದರೆ ಇದ್ದದ್ದೂ ಹೋಗುತ್ತೆ.

ಡೆಸ್ಕ್‌ಟಾಪ್ ಬಂದ ಕೂಡಲೇ ಮಷಿನ್ ಕೊಟ್ಟು ಕಳಿಸಬಾರದು. ನೆಟ್ ತೆಗೆದಿಟ್ಟು ವಿಂಡೋಸಿನದೇ ಆಂಟಿವೈರಸ್ ಆದ ಡಿಫೆಂಡರ್‌ನ ಆಫ್‌ಲೈನ್ ಸ್ಕ್ಯಾನ್ ಹಾಕಿದೆ. ಅದಕ್ಕೂ ಮುಂಚೆ ಡಿಫೆಂಡರ್‌ನ ಎಕ್ಸ್‌ಕ್ಲೂಷನ್ ಪಟ್ಟಿ (ಸ್ಕ್ಯಾನ್ ಮಾಡದೆ ಬಿಡುವ ಜಾಗಗಳು) ನೋಡಿ. ಈ ಮಷಿನ್‌ನಲ್ಲಿ ವೈರಸ್ ಇಡೀ ಸಿ ಡ್ರೈವನ್ನೇ ಆ ಪಟ್ಟಿಗೆ ಸೇರಿಸಿತ್ತು, ಕಳ್ಳನೇ ಕಾವಲುಗಾರನಿಗೆ ರಜೆ ಕೊಟ್ಟ ಹಾಗೆ. ಆಮೇಲೆ ತಾನಾಗಿ ಓಡುವ ಪ್ರೋಗ್ರಾಂಗಳನ್ನೆಲ್ಲ ತೋರಿಸುವ ಮೈಕ್ರೋಸಾಫ್ಟ್‌ನ ಆಟೋರನ್ಸ್. ಅದರಲ್ಲಿ ಹಳದಿ ಸಾಲು ಅಂದರೆ ಫೈಲ್ ಇಲ್ಲ, ಕರೆ ಮಾತ್ರ ಉಳಿದಿದೆ ಅಂತ. ಟಾಸ್ಕ್ ಶೆಡ್ಯೂಲರ್‌ನದೂ ಒಂದು ಸಿಕ್ಕಿತು, ಟಿಕ್ ತೆಗೆದು ರೀಸ್ಟಾರ್ಟ್ ಮಾಡಿ ನೋಡಿ, ಏನೂ ತೊಂದರೆ ಇಲ್ಲ ಅಂದಮೇಲೆ ಅಳಿಸಿದೆ.

ಬೂಟ್ ಭಾಗವೇ ಹೋಗಿದ್ದರೆ ದಾರಿ ಬೇರೆ. ಹೊಸ ಯುಇಎಫ್‌ಐ (ಹೊಸ ಬಗೆಯ ಬಯಾಸ್) ಮಷಿನ್‌ನಲ್ಲಿ ಬೂಟ್‌ರೆಕ್ ಫಿಕ್ಸ್‌ಬೂಟ್ "ಆಕ್ಸೆಸ್ ಡಿನೈಡ್" ಅಂದರೆ ಗಾಬರಿ ಬೇಡ. ಡಿಸ್ಕ್‌ಪಾರ್ಟ್‌ನಲ್ಲಿ ಫ್ಯಾಟ್32 ಇರುವ ಸಣ್ಣ ಇಎಫ್‌ಐ ಪಾರ್ಟಿಷನ್ ಹುಡುಕಿ, ಅದಕ್ಕೊಂದು ಡ್ರೈವ್ ಅಕ್ಷರ ಕೊಟ್ಟು, ಬಿಸಿಡಿಬೂಟ್ ಹೊಡೆದರೆ ಬೂಟ್ ಫೈಲ್‌ಗಳು ಹೊಸದಾಗಿ ಬರುತ್ತವೆ. ಅದಕ್ಕೂ ಮೊದಲು ಬಯಾಸ್‌ನಲ್ಲಿ ಡಿಸ್ಕ್ ಕಾಣುತ್ತಿದೆಯಾ ನೋಡಿ. ಕರೆಂಟ್ ಕಾಟಕ್ಕೆ ಡಿಸ್ಕ್ ಸತ್ತಿದ್ದರೂ ನಮ್ಮ ಕಡೆ ವೈರಸ್ ಅಂತಲೇ ಹೇಳೋದು.

ಅದೇ ಮಷಿನ್‌ನಲ್ಲಿ ಬ್ಯಾಂಕ್ ಕೆಲಸ, ಜಿಎಸ್‌ಟಿ ಲಾಗಿನ್ ಎಲ್ಲ ನಡೆಯುತ್ತಿದ್ದರೆ ನನ್ನ ಮಾತು ತಿರುಗುತ್ತೆ. ಪಾಸ್‌ವರ್ಡ್ ಕದಿಯುವ ಜಾತಿಯದ್ದು ಸಿಕ್ಕಿದರೆ, ಎಷ್ಟು ತೊಳೆದರೂ ಪೂರ್ತಿ ನಂಬಲು ಆಗಲ್ಲ. ಡೇಟಾ ತೆಗೆದು, ಬೇರೆ ಮಷಿನ್‌ನಿಂದ ಪಾಸ್‌ವರ್ಡ್ ಬದಲಿಸಿ, ಹೊಸದಾಗಿ ವಿಂಡೋಸ್ ಹಾಕಿಸಿ ಅಂತಲೇ ಹೇಳುತ್ತೇನೆ. ಈ ಪ್ರೆಸ್ಸಿನವರು ಬ್ಯಾಂಕ್ ಕೆಲಸವೆಲ್ಲ ಮೊಬೈಲ್‌ನಲ್ಲೇ ಮಾಡುತ್ತಿದ್ದರು, ಹಾಗಾಗಿ ಸದ್ಯ ಹೀಗೇ ಇರಲಿ, ಸೀಸನ್ ಮುಗಿದಮೇಲೆ ಹೊಸದಾಗಿ ಹಾಕೋಣ ಅಂತ ಮಾತಾಯ್ತು.

ಗಿರಾಕಿಗಳ ಪೆನ್‌ಡ್ರೈವ್‌ಗೆ ಒಂದು ಹಳೇ ಮಷಿನ್ ಬೇರೆ ಇಡಿಸಿದೆ. ಅದರಲ್ಲಿ ಆಟೋಪ್ಲೇ ಆಫ್, ಫೈಲ್ ಎಕ್ಸ್‌ಟೆನ್ಷನ್ ಕಾಣುವಂತೆ ಆನ್. ಫೋಲ್ಡರ್‌ಗಳೆಲ್ಲ ಶಾರ್ಟ್‌ಕಟ್ ಆಗಿ ಕಂಡರೆ ಕ್ಲಿಕ್ ಮಾಡಬೇಡಿ, ಅಟ್ರಿಬ್ ಕಮಾಂಡ್‌ನಿಂದ ಅಡಗಿಸಿದ್ದನ್ನು ಹೊರಗೆ ತಂದು ಮ್ಯಾಟರ್ ಮಾತ್ರ ತೆಗೆದುಕೊಳ್ಳಿ ಅಂತ ಅಲ್ಲಿ ಟೈಪ್ ಮಾಡುವ ಹುಡುಗಿಗೆ ತೋರಿಸಿಕೊಟ್ಟೆ. ಈಗ ಆಕೆ ಗಿರಾಕಿಗಳಿಗೆ "ಪಿಡಿಎಫ್ ಮಾಡಿ ವಾಟ್ಸಾಪ್ ಕಳಸ್ರಿ, ಪೆನ್‌ಡ್ರೈವ್ ತರಬ್ಯಾಡ್ರಿ" ಅಂತಾಳಂತೆ.