ಬೋರ್ ನೀರು ಕಾಸಿದರೆ ಫ್ಲೋರೈಡ್ ಹೋಗಲ್ಲ

ಕುಷ್ಟಗಿ, ಯಲಬುರ್ಗಾ ಕಡೆಯ ಅಣ್ಣಾರು, ಅಕ್ಕಾರು ಇದನ್ನೊಮ್ಮೆ ಓದ್ರಿ. ನಳ ಬರದ ದಿನ ಬೋರ್ ನೀರನ್ನೇ ಕಾಸಿ, ಆರಿಸಿ ಕುಡಿಯೋರು ನಮ್ಮಲ್ಲಿ ಬಹಳ. ಕಾಸಿದರೆ ರೋಗಾಣು ಸಾಯ್ತಾವು, ಖರೆ. ನೆಲದೊಳಗಿನ ಕಲ್ಲಿನಿಂದ ನೀರಿಗೆ ಕರಗಿ ಬರೋ ಫ್ಲೋರೈಡ್ ಅನ್ನೋ ಲವಣ ಮಾತ್ರ ಹಾಗೇ ಉಳೀತದ. ನೀರು ಬತ್ತಿದಷ್ಟೂ ಇನ್ನೂ ದಟ್ಟ ಆಗ್ತದ.

ನಮ್ಮ ಅಣ್ಣನ ಮಗಳ ಮುಂದಿನ ಹಲ್ಲಿನ ಮೇಲೆ ಸುಣ್ಣ ಹಚ್ಚಿದಂಗ ಬಿಳಿ ಮಚ್ಚೆ, ನಡುವೆ ಕಂದು ಗೆರೆ. ಎಷ್ಟು ತಿಕ್ಕಿದರೂ ಹೋಗಲಿಲ್ಲ. ಸುಮಾರು 8 ವರ್ಷದೊಳಗೆ, ಹಲ್ಲು ಒಳಗೇ ಬೆಳೆಯುವಾಗ ಫ್ಲೋರೈಡ್ ಹೆಚ್ಚಾದರೆ ಹೀಂಗಾಗ್ತದ. ಅದಕ್ಕೇ ಸಣ್ಣ ಮಕ್ಕಳಿರೋ ಮನಿಯವರು ತಡ ಮಾಡಬ್ಯಾಡ್ರಿ.

ರುಚಿ ನೋಡಿ ಇದು ತಿಳಿಯಲ್ಲ, ಸಿಹಿ ನೀರಲ್ಲೂ ಇರಬಹುದು. ನೀರಲ್ಲಿ ಕರಗಿದ ಒಟ್ಟು ಲವಣ ತೋರಿಸೋ ಟಿಡಿಎಸ್ ಮೀಟರ್ ಕೂಡ ಫ್ಲೋರೈಡ್ ಎಷ್ಟಿದೆ ಅಂತ ಹೇಳಲ್ಲ. ನೀರು ಪರೀಕ್ಷೆನೇ ಆಗಬೇಕು. ಗ್ರಾಮ ಪಂಚಾಯ್ತಿಯಲ್ಲಿ ಪರೀಕ್ಷಾ ಕಿಟ್ ಕೇಳ್ರಿ, ಇಲ್ಲಾಂದ್ರ ಜಿಲ್ಲಾ ನೀರು ಪರೀಕ್ಷಾ ಪ್ರಯೋಗಾಲಯಕ್ಕೆ ಕೊಡ್ರಿ. ಮೋಟರ್ ಐದು ನಿಮಿಷ ಓಡಿಸಿ, ಸ್ವಚ್ಛ ಪ್ಲಾಸ್ಟಿಕ್ ಬಾಟ್ಲಿಯನ್ನು ಅದೇ ನೀರಲ್ಲಿ ಮೂರು ಸಲ ಜಾಲಿಸಿ ತುಂಬ್ರಿ. ಗಾಜಿನ ಬಾಟ್ಲಿ ಬ್ಯಾಡ. ರೋಗಾಣು ಪರೀಕ್ಷೆಗೆ ಬೇರೆ ಬಾಟ್ಲಿ, ಅದನ್ನ ಪ್ರಯೋಗಾಲಯದವರ ಕಡೆಯಿಂದಲೇ ತರ್ರಿ.

ಭಾರತೀಯ ಮಾನಕದ ಪ್ರಕಾರ ಕುಡಿಯೋ ನೀರಲ್ಲಿ ಫ್ಲೋರೈಡ್ ಲೀಟರಿಗೆ 1 ಮಿಲಿಗ್ರಾಂವರೆಗೆ ಸರಿ. ಬೇರೆ ನೀರು ಇಲ್ಲವೇ ಇಲ್ಲ ಅಂದಾಗ ಮಾತ್ರ 1.5. ಅದಕ್ಕೂ ಮೀರಿದರೆ ಆ ನೀರು ಬಟ್ಟೆ, ಪಾತ್ರೆಗೆ ಇರಲಿ. ಕುಡಿಯೋಕೆ, ಬ್ಯಾಳಿ ಬೇಯಿಸೋಕೆ ಶುದ್ಧ ನೀರಿನ ಘಟಕದಿಂದ ಒಂದು ಕೊಡ ತರ್ರಿ. ಅಲ್ಲಿಯೂ ನೀರು ಸೋಸೋ ಮೆಂಬ್ರೇನ್ ಯಾವಾಗ ಬದಲಿಸಿದ್ದು ಅಂತ ಕೇಳೋದಕ್ಕೆ ಸಂಕೋಚ ಪಡಬ್ಯಾಡ್ರಿ.