ಕಾರ್ ಸರ್ವಿಸ್: ಯಾವುದಕ್ಕೆ ಹೂಂ, ಯಾವುದಕ್ಕೆ ಬ್ಯಾಡ

ಕಲಬುರಗಿಯ ಯಾವ ಶೋರೂಮಿಗೇ ಹೋಗಿ, ಮೊದಲು ಗಾಡಿಯ ಕೈಪಿಡಿಯಲ್ಲಿ, ನಿಮ್ಮ ಗಾಡಿ ಓಡಿದ ಕಿಲೋಮೀಟರಿಗೆ ಯಾವ ಯಾವ ಕೆಲಸ ಆಗಬೇಕು ಅಂತ ಹೇಳುವ ಪುಟದ ಫೋಟೊ ಹೊಡೆದುಕೊಳ್ಳಿ. ಜಾಬ್ ಕಾರ್ಡಿನಲ್ಲಿ, ಅಂದರೆ ಶೋರೂಮಿನವರು ಬರೆದುಕೊಡುವ ಕೆಲಸದ ಪಟ್ಟಿಯಲ್ಲಿ, ಅದಕ್ಕಿಂತ ಹೆಚ್ಚಿದ್ದರೆ ಸಹಿಗೆ ಮೊದಲೇ ಆ ಹೆಚ್ಚಿನದಕ್ಕೆ ಗೀಟು ಎಳೆಸಿ. ಎಂಜಿನ್ ಫ್ಲಶ್ (ಎಂಜಿನ್ ಒಳಗೆ ತೊಳೆಯುವುದು), ಇಂಜೆಕ್ಟರ್ ಕ್ಲೀನಿಂಗ್ (ಇಂಧನ ಸಿಂಪಡಿಸುವ ಭಾಗದ ಸ್ವಚ್ಛತೆ), ಟೆಫ್ಲಾನ್ ಕೋಟಿಂಗ್ (ಬಣ್ಣದ ಮೇಲಿನ ಲೇಪ) ಕೈಪಿಡಿಯಲ್ಲಿ ಸಾಮಾನ್ಯವಾಗಿ ಇರುವುದೇ ಇಲ್ಲ. ತೊಂದರೆ ಕಾಣದೆ ಮಾಡಿಸಬೇಡಿ.

ಏರ್ ಫಿಲ್ಟರಿನದು ಮಾತ್ರ ಬೇರೆ ಲೆಕ್ಕ. ಸೇಡಂ ಕಡೆಯ ಸಿಮೆಂಟ್ ಧೂಳಿನಲ್ಲಿ ಓಡುವ ಗಾಡಿಗೆ ಅವಧಿಗೆ ಮುಂಚೆಯೇ ಬೇಕಾದೀತು. ತೆಗೆಸಿ ಬಿಸಿಲಿಗೆ ಹಿಡಿಯಿರಿ. ಮಡಿಕೆಗಳಲ್ಲಿ ಬೆಳಕು ತೂರದಿದ್ದರೆ ಬದಲಿಸಿ.

ಬ್ರೇಕ್ ಪ್ಯಾಡ್ ಸವೆದಿದೆ ಅಂದರೆ ಉಳಿದ ದಪ್ಪದ ಅಳತೆ ಕೇಳಿ: 3 ಮಿಲಿಮೀಟರಿಗೆ ಬಂದಿದ್ದರೆ ಹಾಕಿಸಿ, 6 ಇದ್ದರೆ ಈಗಲೇ ಬೇಡ. ಕೈಪಿಡಿ 3.1 ಲೀಟರ್ ಆಯಿಲ್ ಅಂದಿದ್ದು ಬಿಲ್ಲಿನಲ್ಲಿ 3.5 ಇದ್ದರೆ ಬಿಡಬೇಡಿ. ತೆಗೆದ ಹಳೆ ಸಾಮಾನು ಡಿಕ್ಕಿಯಲ್ಲಿ ಇಡಲು ಮೊದಲೇ ಹೇಳಿಬಿಡಿ.